ಅಟ್ಟ ಸೇರುವ ಗೃಹೋಪಕರಣಗಳು: ಕೊಳ್ಳುವ ಮುನ್ನ ಗ್ರಾಹಕರು ತಿಳಿಯಬೇಕಾದುದು

ಮನೆಗೆಲಸದ ಹೊರೆಯನ್ನು ಹಗುರಗೊಳಿಸುವ ಉಪಕರಣಗಳು ಇಂದು ನಗರದ ಬಹುತೇಕ ಕುಟುಂಬಗಳ ಕೈಗೆಟುಕುವಂತಾಗಿವೆ. ರುಬ್ಬುವ, ಹಿಂಡುವ, ಹೆಚ್ಚುವ, ಲಟ್ಟಿಸುವ, ಬೇಯಿಸುವ, ಗುಡಿಸುವ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಯಂತ್ರ ಪೇಟೆಯಲ್ಲಿ ದೊರೆಯುತ್ತದೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಮನೆಯವರ ಶ್ರಮವನ್ನು ಉಳಿಸಿವೆ; ಅವಿಲ್ಲದೆ ದಿನ ಸಾಗದು ಎನ್ನುವಷ್ಟು ಬಾಳಿನಲ್ಲಿ ಬೆರೆತುಹೋಗಿವೆ. ಇನ್ನು ಕೆಲವು ಕೊಂಡ ಮೊದಲ ತಿಂಗಳು ದಿನಕ್ಕೊಮ್ಮೆ, ಮರುತಿಂಗಳು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಬಳಕೆಯಾಗಿ, ಕೊನೆಗೆ ತಾವು ಬಂದ ರಟ್ಟಿನ ಪೆಟ್ಟಿಗೆಯನ್ನೇ ಸೇರಿ ಅಟ್ಟವನ್ನೇರುತ್ತವೆ.

ಈ ಬಗೆಯ ಖರೀದಿಯಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ಇಲ್ಲಿ ಅಂಗಡಿಯವನು ಮೋಸ ಮಾಡಿರುವುದಿಲ್ಲ. ಯಂತ್ರದಲ್ಲಿ ದೋಷವೂ ಇರುವುದಿಲ್ಲ. ಬೆಲೆ ನ್ಯಾಯವಾದದ್ದು, ರಸೀದಿ ಸರಿಯಾದದ್ದು, ಖಾತರಿ ಪತ್ರವೂ ಕೈಯಲ್ಲಿದೆ. ಆದರೂ ಗ್ರಾಹಕನಿಗೆ ನಷ್ಟವಾಗಿದೆ. ಕಳಪೆ ವಸ್ತು, ತೂಕದಲ್ಲಿ ಮೋಸ, ಸುಳ್ಳು ಜಾಹೀರಾತು ಇವುಗಳಿಂದಾಗುವ ಹಾನಿಗೆ ಕಾನೂನಿನಲ್ಲಿ ಪರಿಹಾರವುಂಟು. ಒಳ್ಳೆಯ ವಸ್ತುವನ್ನು ಬೇಡದೆ ಕೊಂಡುದರ ಪಶ್ಚಾತ್ತಾಪಕ್ಕೆ ಯಾವ ಆಯೋಗವೂ ಪರಿಹಾರ ಕೊಡಲಾರದು. ಆದುದರಿಂದ ಇಲ್ಲಿ ಗ್ರಾಹಕನಿಗಿರುವ ರಕ್ಷಣೆಯೆಲ್ಲವೂ ಹಣ ಕೊಡುವುದಕ್ಕೆ ಮುಂಚಿನ ಗಳಿಗೆಯಲ್ಲಿಯೇ ಇದೆ. ಈ ಮಾತನ್ನು ಪುಣೆ ನಗರದ ನಿದರ್ಶನದೊಂದಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಪುಣೆಯ ಪೇಟೆ, ಪುಣೆಯ ಮನೆ

ಪುಣೆಯನ್ನು ನಿದರ್ಶನವಾಗಿ ಆರಿಸಿಕೊಳ್ಳಲು ಕಾರಣಗಳಿವೆ. ಗ್ರಾಹಕ ಚಳವಳಿಗೆ ನಮ್ಮ ದೇಶದಲ್ಲಿ ಗಟ್ಟಿಯಾದ ನೆಲೆ ದೊರೆತ ನಗರಗಳಲ್ಲಿ ಇದು ಪ್ರಮುಖವಾದುದು. ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತಿಯನ್ನು 1974ರಲ್ಲಿ ಆರಂಭಿಸಿದ್ದು ಇಲ್ಲಿಯೇ. ಇನ್ನೊಂದು ಕಡೆ, ಉದ್ಯೋಗಕ್ಕಾಗಿ ನಾನಾ ಪ್ರಾಂತಗಳಿಂದ ಬಂದು ನೆಲೆಸುವ ಕುಟುಂಬಗಳ ಸಂಖ್ಯೆಯೂ ಇಲ್ಲಿ ದೊಡ್ಡದು. ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಿಗೆ ಮೊದಲು, ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ ಆಮೇಲೆ, ಉತ್ತರ ಕರ್ನಾಟಕದಿಂದಲೂ ಬೆಂಗಳೂರು, ಮೈಸೂರು ಕಡೆಯಿಂದಲೂ ಬಂದ ಕನ್ನಡ ಕುಟುಂಬಗಳು ಅನೇಕ. ಹೊಸ ಊರು, ಹೊಸ ಮನೆ, ಹೊಸ ಸಂಬಳ ಇವು ಮೂರೂ ಕೂಡಿದಾಗ ಖರೀದಿಯ ಉತ್ಸಾಹ ಹೆಚ್ಚುವುದು ಸಹಜ.

ನಗರದ ಹಳೆಯ ಪೇಟೆಗಳಲ್ಲಿ ಗೃಹೋಪಯೋಗಿ ವಸ್ತುಗಳ ವ್ಯಾಪಾರಕ್ಕೆ ದೀರ್ಘ ಪರಂಪರೆಯಿದೆ. ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರದ ಕೆಲಸದವರು ಪೇಶ್ವೆಯರ ಕಾಲದಿಂದ ನೆಲೆಸಿದ್ದಾರೆ. ತುಳಶಿಬಾಗಿನಲ್ಲಿ ಅಡುಗೆಮನೆಯ ಸಣ್ಣಪುಟ್ಟ ಸಾಮಾನುಗಳೂ, ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಯಂತ್ರ ಮತ್ತು ಉಪಕರಣಗಳ ಬಿಡಿಭಾಗಗಳೂ ದೊರೆಯುತ್ತವೆ. ಈ ಹಳೆಯ ವ್ಯವಹಾರದಲ್ಲಿ ಒಂದು ನೀತಿಯಿತ್ತು. ತಾಮ್ರ, ಹಿತ್ತಾಳೆಯ ಪಾತ್ರೆಯನ್ನು ತೂಕಕ್ಕೆ ಕೊಳ್ಳುತ್ತಿದ್ದರು. ತಗ್ಗು ಬಿದ್ದರೆ ಬಡಿಸುತ್ತಿದ್ದರು. ಕಲಾಯಿ ಹೋದರೆ ಮತ್ತೆ ಹಾಕಿಸುತ್ತಿದ್ದರು. ತೀರ ಬೇಡವಾದಾಗ ಲೋಹದ ಬೆಲೆಯಾದರೂ ಕೈಗೆ ಮರಳುತ್ತಿತ್ತು. ಹೀಗಾಗಿ ಒಂದು ತಪ್ಪಲೆಯನ್ನು ಅನವಶ್ಯಕವಾಗಿ ಕೊಂಡರೂ ಕುಟುಂಬ ಹೆಚ್ಚು ಕಳೆದುಕೊಳ್ಳುತ್ತಿರಲಿಲ್ಲ. ಪ್ಲಾಸ್ಟಿಕ್ ಕವಚದ ವಿದ್ಯುತ್ ಉಪಕರಣದ ಸ್ಥಿತಿ ಇದಕ್ಕೆ ತೀರ ಭಿನ್ನವಾದುದು. ಅಂಗಡಿಯಿಂದ ಹೊರಬಿದ್ದ ದಿನವೇ ಅದರ ಮರುಮಾರಾಟದ ಬೆಲೆ ಕುಸಿಯುತ್ತದೆ. ಐದು ವರ್ಷ ಅಟ್ಟದಲ್ಲಿದ್ದರೆ ಗುಜರಿಯವನೂ ಅದನ್ನು ಕಿಲೋ ಲೆಕ್ಕದಲ್ಲಿಯೇ ಎತ್ತುತ್ತಾನೆ.

ಮನೆಯ ಸ್ವರೂಪವೂ ಬದಲಾಗಿದೆ. ಪೇಠೆಗಳ ವಾಡೆಗಳಲ್ಲಿ ಕೂಡುಕುಟುಂಬವಿತ್ತು, ಉಗ್ರಾಣವಿತ್ತು, ಕೈಗಳೂ ಬಹಳವಿದ್ದವು. ಕೋಥ್ರೂಡಿನ ಅಥವಾ ವಾಕಡಿನ ಎರಡು ಕೋಣೆಗಳ ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಮೂರು ಉಪಕರಣಗಳಿಟ್ಟರೆ ನಾಲ್ಕನೆಯದಕ್ಕೆ ಜಾಗವಿಲ್ಲ. ಕಟ್ಟೆಯ ಮೇಲೆ ಜಾಗ ಸಿಗದ ಯಂತ್ರ ಕಪಾಟನ್ನು ಸೇರುತ್ತದೆ. ಕಪಾಟಿನಲ್ಲಿ ಹಿಡಿಯದ್ದು ಅಟ್ಟಕ್ಕೆ ಹೋಗುತ್ತದೆ. ಅಟ್ಟದಿಂದ ಇಳಿಸಲು ಸ್ಟೂಲು ಬೇಕಾದ ಯಂತ್ರ ನಿತ್ಯದ ಬಳಕೆಗೆ ಬರುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಹೂರ್ತದ ಖರೀದಿ

ಮಹಾರಾಷ್ಟ್ರದಲ್ಲಿ ಗುಡಿ ಪಾಡವಾ, ಅಕ್ಷಯ ತೃತೀಯಾ, ವಿಜಯದಶಮಿ ಈ ಮೂರು ದಿನಗಳನ್ನು ಪೂರ್ಣ ಮುಹೂರ್ತಗಳೆಂದೂ ದೀಪಾವಳಿಯ ಬಲಿಪಾಡ್ಯಮಿಯನ್ನು ಅರ್ಧ ಮುಹೂರ್ತವೆಂದೂ ಎಣಿಸುತ್ತಾರೆ. ಸಾಡೇತೀನ ಮುಹೂರ್ತವೆಂಬ ಈ ಎಣಿಕೆ ಬೆಳಗಾವಿ, ವಿಜಯಪುರ, ಕಲಬುರ್ಗಿ ಕಡೆಯ ಕನ್ನಡಿಗರಿಗೂ ಪರಿಚಿತವಾದುದೇ. ಪಂಚಾಂಗ ನೋಡದೆ ಶುಭಕಾರ್ಯ ಆರಂಭಿಸಬಹುದಾದ ಈ ದಿನಗಳಲ್ಲಿ ಮನೆಗೆ ಹೊಸ ವಸ್ತು ತರುವುದು ವಾಡಿಕೆ. ವಾಡಿಕೆಯಲ್ಲಿ ದೋಷವೇನೂ ಇಲ್ಲ. ಆದರೆ ವ್ಯಾಪಾರಸ್ಥರ ವಿಶೇಷ ರಿಯಾಯಿತಿಗಳೂ ಆ ದಿನಗಳಲ್ಲಿಯೇ ಬರುತ್ತವೆ. ‘ಇಂದು ಮಾತ್ರ’ ಎಂಬ ಫಲಕಗಳೂ ಆಗಲೇ ತೂಗುತ್ತವೆ. ಏನಾದರೂ ಕೊಳ್ಳಬೇಕೆಂದು ಪೇಟೆಗೆ ಹೋಗುವುದಕ್ಕೂ, ಇಂಥದು ಬೇಕೆಂದು ಪೇಟೆಗೆ ಹೋಗುವುದಕ್ಕೂ ಬಹಳ ಅಂತರವಿದೆ. ಹಬ್ಬದ ದಿನ ಮೊದಲನೆಯದು ನಡೆಯುತ್ತದೆ. ಅಟ್ಟ ತುಂಬುವುದು ಅದರಿಂದಲೇ.

ಅಂಗಡಿಗೆ ಹೋಗದವರಿಗೆ ಈಗ ಅಂಗಡಿಯೇ ಅಂಗೈಗೆ ಬಂದಿದೆ. ಮೊಬೈಲ್ ಪರದೆಯ ಮೇಲೆ ಇಳಿಯೆಣಿಕೆಯ ಗಡಿಯಾರ ಓಡುತ್ತಿರುತ್ತದೆ. ‘ಎರಡೇ ಉಳಿದಿವೆ’ ಎಂಬ ಸೂಚನೆ ಮಿನುಗುತ್ತದೆ. ಇಂಥ ಸೂಚನೆಗಳು ಸುಳ್ಳಾಗಿದ್ದರೆ ಅದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುವ ಮಾರ್ಗಸೂಚಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದೆ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಅವು ಗುರುತಿಸಿವೆ. ಸುಳ್ಳು ತುರ್ತನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಶುಲ್ಕಗಳನ್ನು ಕೂಡಿಸುವುದು ಅವುಗಳಲ್ಲಿ ಮುಖ್ಯವಾದವು.

ಉಪಕರಣ ಮೂಲೆ ಸೇರುವುದೇಕೆ?

ಮನೆಗಳಲ್ಲಿ ಬಳಕೆ ತಪ್ಪಿದ ಯಂತ್ರಗಳನ್ನು ನೋಡಿದರೆ ಕೆಲವು ಸಾಮಾನ್ಯ ಕಾರಣಗಳು ಕಂಡುಬರುತ್ತವೆ.

ಮೊದಲನೆಯದು, ತೊಳೆಯುವ ಶ್ರಮ. ಹಣ್ಣಿನ ರಸ ತೆಗೆಯುವ ಯಂತ್ರ ಎರಡು ನಿಮಿಷದಲ್ಲಿ ರಸ ಕೊಡುತ್ತದೆ. ಆದರೆ ಅದರ ಜರಡಿ, ಮುಚ್ಚಳ, ಒತ್ತುಗೋಲು, ಸಿಪ್ಪೆಯ ಡಬ್ಬಿ ಇಷ್ಟನ್ನೂ ಬಿಡಿಸಿ, ಉಜ್ಜಿ, ಒಣಗಿಸಿ ಮತ್ತೆ ಜೋಡಿಸಲು ಅದರ ಹಲವು ಪಟ್ಟು ಸಮಯ ಬೇಕು. ಅಂಗಡಿಯ ಪ್ರಾತ್ಯಕ್ಷಿಕೆಯಲ್ಲಿ ಈ ಎರಡನೆಯ ಭಾಗವನ್ನು ಯಾರೂ ತೋರಿಸುವುದಿಲ್ಲ. ಇಬ್ಬರಿಗೆ ಬೇಕಾದ ತರಕಾರಿಯನ್ನು ಈಳಿಗೆಯಲ್ಲಿ ಹೆಚ್ಚುವಷ್ಟರಲ್ಲಿ ಹತ್ತು ಬಿಡಿಭಾಗಗಳ ಯಂತ್ರವನ್ನು ಕಪಾಟಿನಿಂದ ತೆಗೆದು ಜೋಡಿಸಲೂ ಆಗಿರುವುದಿಲ್ಲ. ಅದೇ ಯಂತ್ರ ಇಪ್ಪತ್ತು ಜನರ ಅಡುಗೆಗೆ ನಿಜವಾದ ನೆರವು. ಉಪಕರಣದಲ್ಲಿ ತಪ್ಪಿಲ್ಲ, ಕುಟುಂಬದ ಗಾತ್ರಕ್ಕೂ ಅದಕ್ಕೂ ಹೊಂದಿಕೆಯಿಲ್ಲ.

ಎರಡನೆಯದು, ನಮ್ಮ ಅಡುಗೆಗೆ ಒಗ್ಗದಿರುವುದು. ವಿದ್ಯುತ್ ಚಪಾತಿ ಯಂತ್ರವನ್ನು ಇದಕ್ಕೆ ಉದಾಹರಣೆಯಾಗಿ ಕೊಡಬಹುದು. ಕಣಕದ ಹದ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದರಲ್ಲಿ ಚಪಾತಿ ಗಡುಸಾಗುತ್ತದೆ ಇಲ್ಲವೇ ಹರಿಯುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಜಿಗುಟಿನ ಅಂಶವೇ ಇಲ್ಲವಾದ್ದರಿಂದ ಒತ್ತಿದ ಒಡನೆ ಅಂಚು ಬಿರಿಯುತ್ತದೆ. ಜೋಳದ ಭಾಕರಿ ಉಣ್ಣುವ ಪುಣೆಯ ಮನೆಗೂ ರೊಟ್ಟಿ ಉಣ್ಣುವ ಧಾರವಾಡದ ಮನೆಗೂ ಅದು ಅರ್ಧ ಉಪಯೋಗದ ಯಂತ್ರ. ಕೈಯಿಂದ ತಟ್ಟಿ ಬಲ್ಲವರಿರುವ ಮನೆಯಲ್ಲಿ ಅದು ಒಂದು ತಿಂಗಳೂ ನಿಲ್ಲುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಯಾವ ಉಪಕರಣ ನಮ್ಮ ಅಡುಗೆಯ ಅಗತ್ಯದಿಂದಲೇ ಹುಟ್ಟಿತೋ ಅದು ಮನೆಯಲ್ಲಿ ನೆಲೆಯೂರಿದೆ. ವಿದೇಶದಿಂದ ಬಂದ ಮಿಕ್ಸರುಗಳು ಮೃದುವಾದ ಪದಾರ್ಥಗಳನ್ನು ಕಲಸಲು ರಚಿತವಾದವು. ನೆನೆದ ಬೇಳೆ, ಒಣಕೊಬ್ಬರಿ, ಅರಿಶಿನದ ಕೊಂಬು ಇವುಗಳ ಭಾರವನ್ನು ಅವುಗಳ ಮೋಟಾರು ತಾಳುತ್ತಿರಲಿಲ್ಲ. ಈ ಕೊರತೆಯನ್ನು ಕಂಡು ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರು 1960ರ ದಶಕದಲ್ಲಿ ರೂಪಿಸಿದ ಸುಮೀತ್ ಮಿಕ್ಸರ್ ಮನೆಮಾತಾಯಿತು. ಕೊಯಮತ್ತೂರಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಕಲ್ಲಿನ ವಿದ್ಯುತ್ ರುಬ್ಬುಯಂತ್ರವೂ ಹೀಗೆಯೇ ಒರಳಿನ ಕೆಲಸವನ್ನು ವಹಿಸಿಕೊಂಡಿತು. ಮನೆಯಲ್ಲಿ ಆಗಲೇ ಪ್ರತಿದಿನ ನಡೆಯುತ್ತಿದ್ದ ಕಷ್ಟದ ಕೆಲಸವೊಂದನ್ನು ಇವು ಕೈಗೆತ್ತಿಕೊಂಡವು. ಮೂಲೆ ಸೇರುವ ಯಂತ್ರಗಳು ಬಹುಮಟ್ಟಿಗೆ, ಮನೆಯಲ್ಲಿ ಇನ್ನೂ ಆರಂಭವೇ ಆಗದ ಕೆಲಸವೊಂದನ್ನು ಆರಂಭಿಸಲು ಬಂದಂಥವು. ನಡೆದಾಡುವ ಅಭ್ಯಾಸವಿಲ್ಲದವರು ಕೊಂಡ ವ್ಯಾಯಾಮದ ಯಂತ್ರ ಬಟ್ಟೆ ಒಣಗಿಸುವ ಗೂಟವಾಗುವುದು, ಬ್ರೆಡ್ ತಿನ್ನದ ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ಧೂಳು ಹಿಡಿಯುವುದು ಈ ಕಾರಣದಿಂದಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಇಂಥ ಖರೀದಿಗೆ ಚೆನ್ನಾಗಿ ಒಪ್ಪುತ್ತದೆ.

ಮೂರನೆಯದು, ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು ಆಗಿರುವುದು. ಅಡುಗೆಮನೆಯಲ್ಲಿ ದಿನವೂ ದುಡಿಯುವವರ ಅಭಿಪ್ರಾಯ ಕೇಳದೆ, ಅವರಿಗೆ ಸುಖವಾಗಲೆಂದು ಮನೆಯ ಇತರರು ತಂದ ಯಂತ್ರಗಳಲ್ಲಿ ಹಲವು ಬಳಕೆಗೆ ಬರುವುದಿಲ್ಲ. ಪಾತ್ರೆ ತೊಳೆಯಲು ಕೆಲಸದವರು ಬರುವ ಮನೆಯಲ್ಲಿ, ಆ ಉಪಕರಣವನ್ನು ಮುಟ್ಟಬೇಕಾದವರು ಅವರು. ಅವರಿಗೆ ಅದು ಅನುಕೂಲವೋ ಅಲ್ಲವೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಮದುವೆಯ ಉಡುಗೊರೆಗಳೂ ಇದೇ ವರ್ಗಕ್ಕೆ ಸೇರುತ್ತವೆ. ಒಂದೇ ಮನೆಗೆ ಮೂರು ಸ್ಯಾಂಡ್‌ವಿಚ್ ಟೋಸ್ಟರುಗಳು ಬಂದು ಸೇರುವುದು ವಿರಳವೇನಲ್ಲ.

ನೀರಿನ ಯಂತ್ರದ ನಿದರ್ಶನ

ಬಳಕೆಯಲ್ಲಿದ್ದೂ ಅನವಶ್ಯಕವಾಗಿರುವ ಉಪಕರಣಗಳು ಇನ್ನೊಂದು ವರ್ಗ. ಕುಡಿಯುವ ನೀರಿನ ಆರ್.ಓ. ಯಂತ್ರ ಇದಕ್ಕೆ ನಿದರ್ಶನ. ನೀರಿನಲ್ಲಿ ಕರಗಿದ ಲವಣಗಳನ್ನು ಕಡಿಮೆ ಮಾಡುವುದು ಈ ಯಂತ್ರದ ವಿಶೇಷ ಕೆಲಸ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಘನಾಂಶವಿರುವ ನೀರು ಸ್ವೀಕಾರಾರ್ಹ. ಪುಣೆ ಮಹಾನಗರದ ನೀರಿನ ಮುಖ್ಯ ಆಸರೆ ಖಡಕವಾಸಲಾ, ಪಾನಶೇತ, ವರಸಗಾಂವ, ಟೇಮಘರ ಜಲಾಶಯಗಳು. ಮಳೆಯಿಂದ ತುಂಬುವ ಇಂಥ ಜಲಾಶಯಗಳ ನೀರಿನಲ್ಲಿ ಲವಣಾಂಶ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಹೊರವಲಯದಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರಿನ ನೀರನ್ನು ಅವಲಂಬಿಸಿದ ಬಡಾವಣೆಗಳ ಸ್ಥಿತಿ ಬೇರೆ. ಅಲ್ಲಿ ನೀರು ಗಡಸಾಗಿರಬಹುದು.

ಲವಣದ ಪ್ರಶ್ನೆ ಬೇರೆ, ರೋಗಾಣುಗಳ ಪ್ರಶ್ನೆ ಬೇರೆ ಎಂಬುದನ್ನು ಗ್ರಾಹಕರು ಮರೆಯಬಾರದು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಗಿಲ್ಲನ್ ಬಾರೆ ಕಾಯಿಲೆ ಕಾಣಿಸಿಕೊಂಡಾಗ ಕಲುಷಿತ ನೀರಿನ ಬಗ್ಗೆ ಕಳವಳ ಹರಡಿತು. ರೋಗಾಣುಗಳ ನಿವಾರಣೆ ಎಲ್ಲ ಮನೆಗಳಿಗೂ ಅಗತ್ಯ. ಕುದಿಸುವುದರಿಂದ, ಕ್ಲೋರಿನ್ನಿನಿಂದ ಅಥವಾ ನೇರಳಾತೀತ ಕಿರಣದ ಶುದ್ಧೀಕರಣದಿಂದ ಅದು ಸಾಧ್ಯ. ಲವಣ ಕಡಿಮೆಯಿರುವ ನೀರಿಗೆ ಆರ್.ಓ. ಯಂತ್ರ ಹೂಡಿದರೆ ಹೆಚ್ಚಿನ ಬೆಲೆ ತೆರುವುದಲ್ಲದೆ, ಒಂದು ಲೀಟರ್ ಕುಡಿಯುವ ನೀರಿಗೆ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡಬೇಕಾಗಬಹುದು. ಪೊರೆಯನ್ನು ಬದಲಿಸುವ ವೆಚ್ಚವೂ ಪ್ರತಿ ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಮೊದಲು ನೀರಿನ ಪರೀಕ್ಷೆ, ಆಮೇಲೆ ಯಂತ್ರದ ಆಯ್ಕೆ. ಈ ಕ್ರಮ ಉಳಿದ ಉಪಕರಣಗಳಿಗೂ ಅನ್ವಯಿಸುತ್ತದೆ: ಮೊದಲು ಮನೆಯ ಪರೀಕ್ಷೆ, ಆಮೇಲೆ ಪೇಟೆ.

ಒಂದು ಸರಳ ಲೆಕ್ಕ

ಬೆಲೆಯನ್ನು ರೂಪಾಯಿಯಲ್ಲಿ ನೋಡುವ ಬದಲು ಬಳಕೆಯ ಲೆಕ್ಕದಲ್ಲಿ ನೋಡುವುದು ಉಪಯುಕ್ತ. ರೂ. 4,000 ಬೆಲೆಯ ಮಿಕ್ಸರನ್ನು ವರ್ಷಕ್ಕೆ 300 ದಿನಗಳಂತೆ ಎಂಟು ವರ್ಷ ಬಳಸಿದರೆ 2,400 ಬಾರಿ ಬಳಸಿದಂತಾಯಿತು. ಒಂದು ಬಳಕೆಗೆ ತಗಲಿದ ವೆಚ್ಚ ಎರಡು ರೂಪಾಯಿಗಿಂತ ಕಡಿಮೆ. ರೂ. 6,000 ಬೆಲೆಯ ಮತ್ತೊಂದು ಯಂತ್ರವನ್ನು ತಿಂಗಳಿಗೊಮ್ಮೆ ಐದು ವರ್ಷ ಬಳಸಿದರೆ 60 ಬಾರಿ; ಒಂದು ಬಳಕೆಗೆ 100 ರೂಪಾಯಿ. ಅದೇ ಯಂತ್ರ ವರ್ಷಕ್ಕೆ ಎರಡೇ ಬಾರಿ ಕೆಳಗಿಳಿದರೆ ಒಂದು ಬಳಕೆಗೆ 600 ರೂಪಾಯಿ ಬೀಳುತ್ತದೆ. ಕೊಳ್ಳುವ ಮುಂಚೆ ಈ ಲೆಕ್ಕವನ್ನು ರಸೀದಿಯ ಹಿಂಬದಿಯಷ್ಟು ಕಾಗದದಲ್ಲಿ ಮಾಡಬಹುದು. ಎಷ್ಟು ಬಾರಿ ಬಳಸುತ್ತೇವೆಂಬುದನ್ನು ಆಸೆಯಿಂದ ಬರೆಯದೆ ಅಭ್ಯಾಸದಿಂದ ಬರೆಯಬೇಕು.

ಕಂತಿನ ಮೇಲೆ ಕೊಳ್ಳುವವರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಬಡ್ಡಿಯಿಲ್ಲದ ಕಂತು ಎಂಬ ಮಾತು ಜಾಹೀರಾತುಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ವಾಸ್ತವದಲ್ಲಿ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ನಗದು ಕೊಡುವವರಿಗೆ ದೊರೆಯುವ ರಿಯಾಯಿತಿ ಕಂತಿನವರಿಗೆ ದೊರೆಯದಿರಬಹುದು. ಅರ್ಜಿಯ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಬೇರೆ ಇರಬಹುದು. ಹೀಗಾಗಿ ನಗದು ಬೆಲೆ ಎಷ್ಟು, ಎಲ್ಲ ಕಂತುಗಳನ್ನೂ ಶುಲ್ಕಗಳನ್ನೂ ಕೂಡಿಸಿದ ಮೊತ್ತ ಎಷ್ಟು ಎಂದು ಎರಡನ್ನೂ ಕೇಳಿ ಹೋಲಿಸುವುದು ಅವಶ್ಯ. ಯಂತ್ರ ಅಟ್ಟಕ್ಕೇರಿದ ಮೇಲೂ ಕಂತು ಮಾತ್ರ ತಿಂಗಳು ತಿಂಗಳು ಸಂಬಳದಿಂದ ಇಳಿಯುತ್ತಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತಿನಲ್ಲಿ ಕಂತಿನ ಲೆಕ್ಕವೂ ಅಡಗಿದೆ.

ಕಾನೂನು ಕೊಡುವುದೇನು, ಕೊಡದಿರುವುದೇನು?

ಗ್ರಾಹಕ ಸಂರಕ್ಷಣಾ ಅಧಿನಿಯಮಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆತದ್ದು 1986ರ ಡಿಸೆಂಬರ್ 24ರಂದು. ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸಲಾಗುತ್ತದೆ. ಅದರ ಸ್ಥಾನದಲ್ಲಿ ಬಂದ 2019ರ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗೃಹೋಪಕರಣ ಕೊಳ್ಳುವವರಿಗೆ ಸಂಬಂಧಿಸಿದ ಮುಖ್ಯಾಂಶಗಳು ಹೀಗಿವೆ:

ದೋಷವುಳ್ಳ ವಸ್ತುವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂದು ರಸೀದಿಯ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷವುಳ್ಳ ವಸ್ತುವಿನ ಹೊಣೆಯಿಂದ ಮಾರಾಟಗಾರ ಪಾರಾಗಲಾರ. ರಸೀದಿ ಕೊಡದಿರುವುದೂ ಅನುಚಿತ ಪದ್ಧತಿಯೇ.

ಕೊಂಡವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೆನಿಸುತ್ತಾರೆ. ಉಡುಗೊರೆಯಾಗಿ ಬಂದ ಯಂತ್ರ ಕೆಟ್ಟಿದ್ದರೆ ಅದನ್ನು ಬಳಸುವವರೂ ದೂರಬಹುದು. ಉಡುಗೊರೆಯೊಡನೆ ರಸೀದಿ ಮತ್ತು ಖಾತರಿ ಪತ್ರವನ್ನು ಕೊಡುವ ಪದ್ಧತಿ ರೂಢಿಗೆ ಬರಬೇಕು.

ಆನ್‌ಲೈನ್ ಖರೀದಿಗೆ ಅನ್ವಯಿಸುವ 2020ರ ನಿಯಮಗಳ ಪ್ರಕಾರ, ಗ್ರಾಹಕರ ಸಮ್ಮತಿಯನ್ನು ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ಪಡೆಯುವಂತಿಲ್ಲ. ವಸ್ತು ದೋಷಯುಕ್ತವಾಗಿದ್ದರೆ ಅಥವಾ ವರ್ಣಿಸಿದಂತೆ ಇರದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.

ಮನೆಗೆ ಬಂದು ಪ್ರಾತ್ಯಕ್ಷಿಕೆ ತೋರಿಸುವ ನೇರ ಮಾರಾಟಗಾರರು 2021ರ ನಿಯಮಗಳ ಪ್ರಕಾರ ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಅನುಮತಿ ಪಡೆಯದೆ ಬರುವಂತಿಲ್ಲ. ‘ನೋಡಲು ಹಣ ಕೊಡಬೇಕಿಲ್ಲ’ ಎಂದು ಬಾಗಿಲಲ್ಲಿ ನಿಂತವರಿಗೆ ಗ್ರಾಹಕರು ಮರ್ಯಾದೆಯಿಂದಲೇ ‘ಬೇಡ’ ಎನ್ನಬಹುದು.

ವಸ್ತುವಿಗೆ ಕೊಟ್ಟ ಬೆಲೆ ರೂ. 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬೇಕು, ರೂ. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ದೂರುದಾರರು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ, ಪುಣೆಯಲ್ಲಿ ಯಂತ್ರ ಕೊಂಡು ಧಾರವಾಡಕ್ಕೆ ವರ್ಗವಾಗಿ ಹೋದ ಕುಟುಂಬ ಧಾರವಾಡದ ಆಯೋಗವನ್ನೇ ಸಂಪರ್ಕಿಸಬಹುದು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ವ್ಯವಸ್ಥೆಯ ಮೂಲಕ ಮನೆಯಿಂದಲೇ ದೂರು ದಾಖಲಿಸಲೂ ಅವಕಾಶವಿದೆ. ಆಯೋಗಕ್ಕೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಇಷ್ಟೆಲ್ಲ ರಕ್ಷಣೆಗಳಿದ್ದರೂ ಇವುಗಳಲ್ಲಿ ಯಾವುದೂ ‘ಈ ಯಂತ್ರ ಚೆನ್ನಾಗಿದೆ, ಆದರೆ ನನಗೆ ಬೇಡವಾಗಿತ್ತು’ ಎಂಬ ದೂರಿಗೆ ಅನ್ವಯಿಸುವುದಿಲ್ಲ. ಕೆಲವು ಮಾರಾಟಗಾರರು ಏಳು ಅಥವಾ ಹತ್ತು ದಿನ ಹಿಂದಿರುಗಿಸುವ ಅವಕಾಶ ಕೊಡುತ್ತಾರೆ. ಅದು ಅವರ ಷರತ್ತಿಗೆ ಒಳಪಟ್ಟ ಸೌಲಭ್ಯ; ಎಲ್ಲ ಕಡೆಯೂ ಕೇಳಬಹುದಾದ ಹಕ್ಕಲ್ಲ. ಖಾತರಿಯ ಅವಧಿಯೂ ಸಾಮಾನ್ಯವಾಗಿ ಕೊಂಡ ದಿನದಿಂದ ಆರಂಭವಾಗುತ್ತದೆಯೇ ಹೊರತು ಬಳಸತೊಡಗಿದ ದಿನದಿಂದಲ್ಲ. ಪೆಟ್ಟಿಗೆಯನ್ನು ಬಿಚ್ಚದೆ ಒಂದು ವರ್ಷ ಇಟ್ಟ ಯಂತ್ರ ಖಾತರಿಯನ್ನೂ ಕಳೆದುಕೊಂಡಿರುತ್ತದೆ. ಒಳಗಿದ್ದ ದೋಷ ಆಗ ಬೆಳಕಿಗೆ ಬಂದರೆ ಕಾನೂನಿನ ಆಸರೆಯೂ ದುರ್ಬಲವಾಗುತ್ತದೆ.

ಪಟ್ಟಿ ಬರೆಯುವ ಪಾಠ

ಹಾಗಾದರೆ ಗ್ರಾಹಕರು ತಮ್ಮನ್ನು ತಾವು ರಕ್ಷಿಸಿಕೊಳ್ಳುವುದು ಹೇಗೆ? ಇದಕ್ಕೆ ಗ್ರಾಹಕ ಚಳವಳಿಯ ಅನುಭವದಲ್ಲಿಯೇ ಉತ್ತರವಿದೆ. ಪುಣೆಯಲ್ಲಿ ಹುಟ್ಟಿದ ವಿಚಾರದಿಂದ ಪ್ರೇರಣೆ ಪಡೆದು 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತಿಯಲ್ಲಿ ನೆರೆಹೊರೆಯ ಕುಟುಂಬಗಳು ಚಿಕ್ಕ ಸಂಘಗಳಾಗಿ ಕೂಡುತ್ತವೆ. ತಮಗೆ ಬೇಕಾದ ದಿನಸಿ ಮತ್ತು ಗೃಹಬಳಕೆಯ ವಸ್ತುಗಳನ್ನು ಮುಂಚಿತವಾಗಿ ಪಟ್ಟಿಯಲ್ಲಿ ಬರೆದುಕೊಡುತ್ತವೆ. ಸಗಟಾಗಿ ಬಂದುದನ್ನು ಹಂಚಿಕೊಳ್ಳುತ್ತವೆ. ಇದರಿಂದ ಬೆಲೆಯಲ್ಲಿ ಉಳಿತಾಯವಾಗುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಏನು ಬೇಕು ಎಂಬ ತೀರ್ಮಾನ ಅಂಗಡಿಯ ದೀಪಗಳ ಮುಂದೆ ಆಗದೆ ಮನೆಯಲ್ಲಿ ಕುಳಿತು, ಡಬ್ಬಿಗಳನ್ನು ನೋಡಿ ಆಗುತ್ತದೆ. ದಿನಸಿಗೆ ಹೊಂದುವ ಈ ಕ್ರಮ ಉಪಕರಣಗಳಿಗೆ ಇನ್ನೂ ಹೆಚ್ಚು ಹೊಂದುತ್ತದೆ.

ಕೊಳ್ಳಬೇಕೆನಿಸಿದ ಉಪಕರಣದ ಹೆಸರನ್ನು ದಿನಾಂಕದೊಡನೆ ಬರೆದು ಒಂದು ತಿಂಗಳು ಬಿಡಬೇಕು. ತಿಂಗಳಾದ ಮೇಲೂ ಬೇಕೆನಿಸಿದರೆ ಕೆಳಗಿನ ಪ್ರಶ್ನೆಗಳನ್ನು ಮನೆಯವರೆಲ್ಲ ಕುಳಿತು ಕೇಳಿಕೊಳ್ಳಬಹುದು:

1. ಈ ಯಂತ್ರ ಮಾಡುವ ಕೆಲಸ ನಮ್ಮ ಮನೆಯಲ್ಲಿ ಈಗ ನಡೆಯುತ್ತಿದೆಯೇ? ವಾರಕ್ಕೆ ಎಷ್ಟು ಬಾರಿ?

2. ಇದನ್ನು ಬಳಸುವವರು ಯಾರು? ಅವರಿಗೆ ಇದು ಬೇಕೇ?

3. ಇದನ್ನು ಇಡುವ ಜಾಗ ಯಾವುದು? ಕೈಗೆಟುಕುವ ಎತ್ತರದಲ್ಲಿ, ವಿದ್ಯುತ್ ಸಂಪರ್ಕದ ಬಳಿ ಜಾಗವಿದೆಯೇ?

4. ಬಳಸಿದ ಮೇಲೆ ತೊಳೆಯಲು ಎಷ್ಟು ಭಾಗಗಳಿವೆ? ಎಷ್ಟು ಹೊತ್ತು ಹಿಡಿಯುತ್ತದೆ?

5. ಮನೆಯಲ್ಲಿರುವ ಬೇರೆ ಉಪಕರಣದಿಂದ ಈ ಕೆಲಸ ಆಗುವುದಿಲ್ಲವೇ?

6. ಬಿಡಿಭಾಗಗಳು ಮತ್ತು ದುರಸ್ತಿ ಊರಿನಲ್ಲಿಯೇ ದೊರೆಯುತ್ತವೆಯೇ? ನಾವು ಊರು ಬಿಟ್ಟರೆ ಇದನ್ನು ಸಾಗಿಸುವುದು ಸುಲಭವೇ?

7. ನೆರೆಯವರಲ್ಲಿ ಇದು ಇದ್ದರೆ ಒಂದು ವಾರ ಎರವಲು ತಂದು ನೋಡಬಹುದೇ?

ಕೊನೆಯ ಪ್ರಶ್ನೆ ವಿಶೇಷ ಗಮನಕ್ಕೆ ಅರ್ಹವಾದುದು. ಗೋಡೆ ಕೊರೆಯುವ ಯಂತ್ರ, ದೊಡ್ಡ ಇಡ್ಲಿ ಪಾತ್ರೆ, ಕೇಕಿನ ಒಲೆ ಮೊದಲಾದವು ವರ್ಷಕ್ಕೆ ಕೆಲವೇ ಗಂಟೆ ಬೇಕಾಗುವಂಥವು. ಪುಣೆಯ ಗೃಹನಿರ್ಮಾಣ ಸಹಕಾರ ಸಂಘಗಳಲ್ಲಿ, ಅಂದರೆ ಜನರು ಸೊಸೈಟಿ ಎಂದು ಕರೆಯುವಲ್ಲಿ, ಐವತ್ತು ಮನೆಗಳು ಒಂದೇ ಆವರಣದಲ್ಲಿರುತ್ತವೆ. ಐವತ್ತು ಯಂತ್ರಗಳ ಬದಲು ಎರಡನ್ನು ಸಂಘದ ಕಚೇರಿಯಲ್ಲಿಟ್ಟು, ಪುಸ್ತಕದಲ್ಲಿ ಹೆಸರು ಬರೆದು ಕೊಡುವ ವ್ಯವಸ್ಥೆ ಮಾಡಿಕೊಂಡರೆ ಎಲ್ಲರ ಹಣವೂ ಅಟ್ಟವೂ ಉಳಿಯುತ್ತವೆ.

ಈಗಾಗಲೇ ಕೊಂಡಿದ್ದರೆ

ಹೊಸ ಉಪಕರಣ ಬಂದ ದಿನವೇ ಪೆಟ್ಟಿಗೆ ಬಿಚ್ಚಿ, ಎಲ್ಲ ಭಾಗಗಳನ್ನೂ ಎಣಿಸಿ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಕನಿಷ್ಠ ಮೂರು ಬಾರಿ ಬಳಸಿ ನೋಡಬೇಕು. ಹೆಚ್ಚುವರಿ ಖಾತರಿಗೂ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೂ ಕೂಡಲೇ ಹಣ ಕೊಡದೆ, ಬಳಕೆ ಖಚಿತವಾದ ಮೇಲೆ ಯೋಚಿಸುವುದು ಮೇಲು.

ಆರು ತಿಂಗಳು ಮುಟ್ಟದ ಯಂತ್ರವನ್ನು ‘ಮುಂದೆ ಬೇಕಾದೀತು’ ಎಂದು ಇಟ್ಟುಕೊಳ್ಳುವುದರಿಂದ ನಷ್ಟ ಕಡಿಮೆಯಾಗುವುದಿಲ್ಲ. ವರ್ಷ ಕಳೆದಂತೆ ಅದರ ಬೆಲೆ ಇಳಿಯುತ್ತದೆ, ರಬ್ಬರು ಬಿರಿಯುತ್ತದೆ, ಬಿಡಿಭಾಗಗಳು ಸಿಗದಾಗುತ್ತವೆ. ಅದು ಚೆನ್ನಾಗಿರುವಾಗಲೇ ಬೇಕಾದವರಿಗೆ ಕೊಡುವುದು ಅಥವಾ ಮಾರುವುದು ವಿವೇಕ. ಚಿಕ್ಕ ದೋಷದಿಂದ ನಿಂತುಹೋದುದನ್ನು ದುರಸ್ತಿ ಮಾಡಿಸಬಹುದು. ತಯಾರಕರ ದುರಸ್ತಿ ಮಾಹಿತಿಯನ್ನು ಒಂದೆಡೆ ಒದಗಿಸುವ ದುರಸ್ತಿ ಹಕ್ಕಿನ ಜಾಲತಾಣವನ್ನು ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಆರಂಭಿಸಿದೆ. ಪುಣೆಯ ಮಂಗಳವಾರ ಪೇಠೆಯಲ್ಲಿ ಬುಧವಾರ ಮತ್ತು ಭಾನುವಾರ ಸೇರುವ ವಾಡಿಕೆಯ ಜೂನಾ ಬಾಜಾರ್ ಹಳೆಯ ವಸ್ತುಗಳಿಗೆ ಬಹುಕಾಲದಿಂದ ಹೆಸರಾದುದು; ಎಲ್ಲಿಯೂ ಸಿಗದ ಹಳೆಯ ಬಿಡಿಭಾಗ ಅಲ್ಲಿ ಸಿಕ್ಕೀತು.

ದುರಸ್ತಿಗೂ ನಿಲುಕದ ಯಂತ್ರವನ್ನು ಮನೆಯ ಹಸಿ ಕಸದೊಡನೆಯಾಗಲಿ ಒಣ ಕಸದೊಡನೆಯಾಗಲಿ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಮ್ಮ ವ್ಯಾಪ್ತಿಯನ್ನು 21 ಬಗೆಯ ವಸ್ತುಗಳಿಂದ 106ಕ್ಕೆ ವಿಸ್ತರಿಸಿ, ಮರುಸಂಸ್ಕರಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಪುಣೆಯಲ್ಲಿ 1993ರಲ್ಲಿ ಸಂಘಟಿತರಾದ ಕಸ ಆಯುವ ಶ್ರಮಜೀವಿಗಳು ಆಮೇಲೆ ಕಟ್ಟಿಕೊಂಡ ‘ಸ್ವಚ್ಛ’ ಸಹಕಾರ ಸಂಸ್ಥೆಯು ಮನೆಮನೆಯಿಂದ ಕಸ ಸಂಗ್ರಹಿಸುತ್ತದೆ. ನಾವು ಬೇಡವೆಂದು ಎಸೆದುದನ್ನು ಕೈಯಿಂದ ಮುಟ್ಟಿ ಬೇರ್ಪಡಿಸುವವರು ಇವರು, ಇವರಲ್ಲಿ ಹೆಚ್ಚಿನವರು ಮಹಿಳೆಯರು. ಒಡೆದ ಗಾಜು, ತಂತಿ, ಬ್ಯಾಟರಿಗಳಿರುವ ಯಂತ್ರವನ್ನು ಬೇರೆಯಾಗಿ ಕಟ್ಟಿ, ಏನಿದೆಯೆಂದು ಹೇಳಿ ಕೊಡುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

ಉಪಕರಣಗಳನ್ನು ಕೊಳ್ಳಬಾರದೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಶ್ರಮ ಉಳಿಸುವ ಒಂದು ಒಳ್ಳೆಯ ಯಂತ್ರ ಮನೆಯ ಮಹಿಳೆಯರಿಗೆ ದಿನಕ್ಕೆ ಒಂದು ಗಂಟೆಯ ಬಿಡುವು ಕೊಟ್ಟರೆ ಅದರ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಲಾಗದು. ಅಂಥ ಯಂತ್ರಕ್ಕೆ ಕೊಡಬೇಕಾದ ಹಣ ಬೇಡದ ಯಂತ್ರಗಳಿಗೆ ಹರಿದುಹೋಗಬಾರದು ಎಂಬುದಷ್ಟೇ ಆಶಯ. ವಸ್ತು ಕೆಟ್ಟರೆ ಗ್ರಾಹಕರ ಬೆನ್ನಿಗೆ ಕಾನೂನಿದೆ. ಆಯ್ಕೆ ಕೆಟ್ಟರೆ ಇರುವುದು ಅಟ್ಟ ಮಾತ್ರ. ಕೊಳ್ಳುವ ಮುಂಚಿನ ಒಂದು ತಿಂಗಳ ತಾಳ್ಮೆ ಈ ಎರಡನೆಯ ನಷ್ಟದಿಂದ ಪ್ರತಿಯೊಂದು ಕುಟುಂಬವನ್ನೂ ಕಾಪಾಡಬಲ್ಲದು.